ಬಾಗಿಲು ಕೂಡದಿದ್ರೆ ಬಾಗಿಲನ್ನ ಬೈಬೇಡಿ: ಒಂದು ಸ್ಪೋರ್ಟ್ಸ್ ಕಾರು, ಸರ್ ಎಂವಿ ಮತ್ತು ಡೊಂಬಿವಲಿಯ ಪ್ರೀಮಿಯರ್

ಹೋದ ಭಾನುವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಬಿಟ್ಟುಹೋದ ಎರಡು ಮೂರು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ. ಐರೋಲಿಗೆ ಹೋಗೋ ಕಂಪನಿ ಬಸ್ಸಿನಲ್ಲೋ ಠಾಣೆ ಲೋಕಲ್‌ನಲ್ಲೋ ಕೂತು ಓದುವವರಿಗೆ ಹದಿನೈದು ನಿಮಿಷದ ಓದು. ಲೋಕಲ್‌ನಲ್ಲಿ ಕೂರೋಕೆ ಜಾಗ ಸಿಕ್ಕಿದ್ದರೆ ನೀವು ಪುಣ್ಯವಂತರು.

ವಿಷಯ ಏನಪ್ಪಾ ಅಂದ್ರೆ ಕಾರಿನ ಬಾಗಿಲು. ಬಾಗಿಲಿಗೂ ಅದರ ಹಿಂದಿನ ಪ್ಯಾನಲ್‌ಗೂ ನಡುವೆ ಇರೋ ಸಂದು. ನೀವು ಯಾವುದೇ ಕಾರಿನ ಪಕ್ಕ ನಿಂತು ನೋಡಿ, ಈ ಸಂದು ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರುತ್ತೆ. ಇಲ್ಲದಿದ್ರೆ ಏನೋ ಆಗಿದೆ ಅಂತ ಅರ್ಥ. ಆ ಏನೋ ಏನು ಅಂತ ಹುಡುಕಲು ಹೊರಟು ನಾನು ಮೂರು ತಿಂಗಳು ಒಂದು ಗ್ಯಾರೇಜಿನಲ್ಲಿ, ಎಂಬತ್ತು ವರ್ಷದ ಇತಿಹಾಸದಲ್ಲಿ ಸುತ್ತಾಡಿ ಬಂದೆ.

ಕೆಂಪು ಕಾರು

ನನ್ನ ಸಹೋದ್ಯೋಗಿ ಒಬ್ಬ ಶಿವಮೊಗ್ಗದವನು, ಘನ್ಸೋಲಿಯಲ್ಲಿರ್ತಾನೆ. ಸಂಬಳ ಬರೋಕೆ ಶುರುವಾದಾಗಿನಿಂದ ಅವನಿಗೊಂದು ಹುಚ್ಚು: ಸ್ಯಾನ್ ಸ್ಟಾರ್ಮ್ ಕೊಳ್ಳಬೇಕು. ನಿಮ್ಮಲ್ಲಿ ಅನೇಕರಿಗೆ ಆ ಹೆಸರೇ ಗೊತ್ತಿರಲಿಕ್ಕಿಲ್ಲ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಗೆ ತಂದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ರೆನೋದ 1.2 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ತಯಾರಾಗ್ತಿದ್ದದ್ದು ಗೋವಾದಲ್ಲಿ. ಇವತ್ತಿನ ಲೆಕ್ಕದಲ್ಲಿ ಅದರ ವೇಗ ಹೇಳಿಕೊಳ್ಳುವಂಥದ್ದಲ್ಲ. ಆದರೆ ಕನ್ನಡನಾಡಿನ ಕಂಪನಿಯೊಂದು ಕಟ್ಟಿದ ಸ್ಪೋರ್ಟ್ಸ್ ಕಾರು ಅನ್ನೋದೇ ಅವನಿಗೆ ಸಾಕಾಗಿತ್ತು. ಅದರ ಹೊರಮೈ ತಗಡಿನದ್ದಲ್ಲ, ಫೈಬರ್‌ಗ್ಲಾಸ್‌ನದ್ದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊನೆಗೂ ಒಂದು ಸಿಕ್ಕಿತು. ಕೆಂಪು ಬಣ್ಣ. ಕೊಂಡು ಎಂಟು ತಿಂಗಳಾಗಿತ್ತು, ಸಿಗ್ನಲ್ ಬಳಿ ಟೆಂಪೋ ಒಂದು ಎಡಮುಂಭಾಗಕ್ಕೆ ಗುದ್ದಿತು. ಹತ್ತಿರದ ಒಂದು ಗ್ಯಾರೇಜಿನವರು ಎರಡೇ ದಿನದಲ್ಲಿ ಬಿಚ್ಚಿ, ಕೂಡಿಸಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕೊಟ್ಟರು. ಬಣ್ಣ ಚೆನ್ನಾಗಿತ್ತು. ಬಾಗಿಲು ಮಾತ್ರ ಕೂಡಲಿಲ್ಲ. ಎಡಬಾಗಿಲಿನ ಹಿಂದಿನ ಅಂಚಿನಲ್ಲಿ ಸಂದು ಮೇಲೆ 8 ಮಿಲಿಮೀಟರ್, ಕೆಳಗೆ 4. ಒಗೆದು ಹಾಕಿದರೆ ಮಾತ್ರ ಲಾಕ್ ಆಗ್ತಿತ್ತು. ಜೂನ್ ಮಳೆಗೆ ಸೀಟು ನೆನೆಯಿತು. ಮತ್ತೆ ಅದೇ ಗ್ಯಾರೇಜಿಗೆ ಹೋದರೆ, 'ಫೈಬರ್ ಬಾಡಿ ಸಾಬ್, ಐಸಾಹೀ ರಹತಾ ಹೈ' ಅಂದರಂತೆ. ಕಾರು ಮಾರಿಬಿಡ್ತೀನಿ ಅಂತ ಅವನು ಬೇಜಾರಿನಲ್ಲಿ ಹೇಳಿದ್ದು ಆವಾಗಲೇ.

ನಾನೇನು ಮಾಡಿದೆ? ಎಂಟೆಕ್ ಮಾಡಿದ ಕೈ, ಸುಮ್ಮನಿರುತ್ತಾ? ಒಂದು ಶನಿವಾರ ಸಾಧನಗಳನ್ನ ಹೊತ್ತುಕೊಂಡು ಹೋಗಿ ಹಿಂಜ್ ಸಡಿಲ ಮಾಡಿ, ಬಾಗಿಲು ಸರಿಸಿ, ಉದ್ದನೆ ಪಾನಾ ಹಾಕಿ ಬೋಲ್ಟ್ ಬಿಗಿದೆ. ಟಪ್ ಅಂತ ಒಂದು ಸಣ್ಣ ಸದ್ದು. ಬೋಲ್ಟ್ ಸುತ್ತ ಜೇಡರಬಲೆ ಥರ ಬಿರುಕು. ತಗಡಾಗಿದ್ರೆ ಬಗ್ಗುತ್ತಿತ್ತು. ಫೈಬರ್‌ಗ್ಲಾಸ್ ಬಗ್ಗಲ್ಲ, ಬಿರಿಯುತ್ತೆ. ಸ್ನೇಹಿತ ಏನೂ ಅನ್ನಲಿಲ್ಲ. ಅವನು ಏನೂ ಅನ್ನದೇ ಇದ್ದದ್ದೇ ನನಗೆ ಹೆಚ್ಚು ನೋವಾಯ್ತು.

ಮಾವನ ಗೋಡೆಯ ಫೋಟೋ

ಆಮೇಲೆ ನೆನಪಾದದ್ದು ನನ್ನ ಸೋದರಮಾವ. ಗದಗ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಮುಂಬೈಗೆ ಬಂದು, ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ ಬಾಡಿ ಫಿಟ್ಟರ್ ಆಗಿ ಸೇರಿದವರು. ಡೊಂಬಿವಲಿಯಲ್ಲಿ ಮನೆ, ಕುರ್ಲಾಕ್ಕೆ ದಿನಾ ಲೋಕಲ್. ಕೆಲಸ ಬಿಟ್ಟಮೇಲೆ ಕಲ್ಯಾಣ್-ಶಿಳ್ ರಸ್ತೆ ಬದಿ ಒಂದು ಚಿಕ್ಕ ಗ್ಯಾರೇಜು ಮಾಡಿಕೊಂಡರು. ಚಿಕ್ಕವನಿದ್ದಾಗ ರಜೆಗೆ ಬಂದರೆ ಅವರ ಕೈ ನೋಡಿ ನನಗೆ ಒಂಥರಾ ಅನ್ನಿಸ್ತಿತ್ತು, ಉಗುರಿನ ಸಂದಿನ ಕಪ್ಪು ಎಷ್ಟು ತೊಳೆದರೂ ಹೋಗ್ತಿರಲಿಲ್ಲ. ನಾನು ಚೆನ್ನಾಗಿ ಓದಬೇಕು ಅಂತ ಅಮ್ಮ ಹೇಳುವಾಗೆಲ್ಲ ಉದಾಹರಣೆಗೆ ಬರ್ತಿದ್ದದ್ದು ಆ ಕೈಗಳೇ. ಅವರೆದುರಿಗೇ ಹೇಳ್ತಿದ್ರು. ಅವರು ನಗ್ತಿದ್ರು.

ಈಗ ಅವರಿಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಗ್ಯಾರೇಜನ್ನ ಅರ್ಧ ಮುಚ್ಚಿದ್ದಾರೆ. ನಾವು ಕಾರು ತಗೊಂಡು ಹೋದಾಗ ಅವರು ಮೊದಲು ಬಾಗಿಲ ಹತ್ರ ಬರಲೇ ಇಲ್ಲ. ದೂರ ನಿಂತು ಇಡೀ ಗಾಡಿ ನೋಡಿದರು. ಆಮೇಲೆ ಬಾಗಿಲಿಂದ ಹಿಂದಿನ ಪ್ಯಾನಲ್‌ವರೆಗೆ ಬೆರಳು ಎಳೆದರು. 'ಏನ್ ಮಾಡಿದ್ಯೋ ಅಳಿಯಾ?' ಅಂದರು. ಹಿಂಜ್ ಸವೆದಿರಬೇಕು ಅಂತ ಬಿಗಿ ಮಾಡಿದೆ ಮಾವ ಅಂದೆ.

'ಹಿಂಜ್ ಸವದ್ರ ಬಾಗ್ಲ ಕೆಳಗ ಬೀಳತೈತಿ. ಇದು ಮ್ಯಾಲ ಎದ್ದೈತಿ. ನೋಡು, ಬೆರಳ ಇಡು ಇಲ್ಲೆ.'

ಇಟ್ಟೆ. ಹೌದು. ಬಾಗಿಲ ಮೇಲಿನ ಗೆರೆ ಹಿಂದಿನ ಪ್ಯಾನಲ್‌ನ ಗೆರೆಗಿಂತ ಸುಮಾರು 3 ಮಿಲಿಮೀಟರ್ ಮೇಲಿತ್ತು. ಮೂರು ವಾರದಿಂದ ಸಂದಿನ ಅಗಲ ಅಳೆಯುತ್ತಿದ್ದ ನಾನು ಎತ್ತರ ನೋಡಿಯೇ ಇರಲಿಲ್ಲ.

ಅವತ್ತು ಸಂಜೆ ಚಹಾ ಕುಡಿಯುವಾಗ ಗ್ಯಾರೇಜಿನ ಗೋಡೆ ಮೇಲಿನ ಫೋಟೋ ಕಡೆ ನೋಡಿದೆ. ಪೇಟ ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ. ಮಂಡ್ಯ ಕಡೆಯವರ ಮನೆಯಲ್ಲಿ ಇದ್ದರೆ ಕನ್ನಂಬಾಡಿ ಕಟ್ಟೆಗೆ ಅಂತ ಅರ್ಥವಾಗುತ್ತೆ, ಗದಗಿನವರಿಗೆ ಯಾಕೆ ಅಂದೆ. 'ಕಟ್ಟಿಗಲ್ಲೋ, ಕಾರಿಗೆ' ಅಂದರು. ಇತಿಹಾಸ ಓದೋಕೆ ಶುರು ಮಾಡಿದ್ದು ಆ ಒಂದು ಮಾತಿನಿಂದ.

ಡಬ್ಬಿಯಲ್ಲಿ ಬಂದ ಕಾರು

1930ರ ದಶಕದಲ್ಲಿ ಭಾರತದಲ್ಲಿ ಕಾರುಗಳು ಓಡ್ತಿದ್ವು, ಆದರೆ ಇಲ್ಲಿ ಹುಟ್ಟುತ್ತಿರಲಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1928ರಿಂದ ಬಾಂಬೆಯಲ್ಲಿ ಕಾರು ಜೋಡಿಸ್ತಿತ್ತು. ಜೋಡಿಸೋದು ಅಷ್ಟೇ. ಪ್ಯಾನಲ್‌ಗಳು ಅಲ್ಲಿಯ ಪ್ರೆಸ್ಸಿನಲ್ಲಿ ಒತ್ತಿಸಿಕೊಂಡು, ಮರದ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬರ್ತಿದ್ವು.

ಕಾರಿನ ಪ್ಯಾನಲ್ ಹೇಗೆ ಮಾಡ್ತಾರೆ ಅಂತ ಒಂದು ಮಾತು. ಎರಡು ದೊಡ್ಡ ಉಕ್ಕಿನ ಅಚ್ಚುಗಳ ನಡುವೆ ತಗಡಿಟ್ಟು ನೂರಾರು ಟನ್ ಒತ್ತಡದಲ್ಲಿ ಒತ್ತುತ್ತಾರೆ. ಆ ಅಚ್ಚಿಗೆ ಡೈ ಅಂತಾರೆ. ಒತ್ತಿದ ತುಂಡುಗಳನ್ನ ಫಿಕ್ಸ್ಚರ್ ಅನ್ನೋ ಚೌಕಟ್ಟಿನಲ್ಲಿ ಹಿಡಿದು ವೆಲ್ಡ್ ಮಾಡ್ತಾರೆ. ಬಾಗಿಲು ಎಲ್ಲಿ ಕೂಡಬೇಕು ಅನ್ನೋದನ್ನ ತೀರ್ಮಾನಿಸೋದು ಈ ಡೈ ಮತ್ತು ಫಿಕ್ಸ್ಚರ್. ಅವು ತುಂಬಾ ದುಬಾರಿ, ಮಾಡಲೂ ತುಂಬಾ ಕಷ್ಟ. ಅವು ಡೆಟ್ರಾಯಿಟ್‌ನಲ್ಲೇ ಉಳಿದರೆ, ಬಾಂಬೆಯ ಕೆಲಸಗಾರನಿಗೆ ಬೋಲ್ಟ್ ಬಿಗಿಯೋದು ಬರುತ್ತೆ, ಬೋಲ್ಟಿನ ತೂತು ಅಲ್ಲೇ ಯಾಕಿದೆ ಅಂತ ಗೊತ್ತಾಗಲ್ಲ.

ವಿಶ್ವೇಶ್ವರಯ್ಯನವರಿಗೆ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಮೈಸೂರು ದಿವಾನಗಿರಿ ಬಿಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. 1935ರಲ್ಲಿ ಯುರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನ ಸುತ್ತಿ ಬಂದರು. ಬಾಂಬೆಯಲ್ಲಿ ಕಾರು ಕಾರ್ಖಾನೆಗೆ ಯೋಜನೆ ಬರೆದರು. ಜೋಡಿಸುವ ಶೆಡ್ಡಲ್ಲ, ತಯಾರಿಸುವ ಕಾರ್ಖಾನೆ. ಅವರ ಜೊತೆ ನಿಂತ ಉದ್ಯಮಿ ಸೊಲ್ಲಾಪುರದ ವಾಲ್ಚಂದ್ ಹೀರಾಚಂದ್. 1937ರಲ್ಲಿ ಬಂದ ಬಾಂಬೆ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ನೆರವಿಗೆ ಒಲವು ತೋರಿಸಿತು. ಆದರೆ 1939ರಲ್ಲಿ ಯುದ್ಧದ ಪ್ರಶ್ನೆ ಮೇಲೆ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸಂಸ್ಥಾನದ ಸರದಿ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್‌ಗೆ ಕಾರ್ಖಾನೆ ಬೇಕಿತ್ತು, ಕ್ರೈಸ್ಲರ್ ಜೊತೆ ಮಾತೂ ನಡೆದಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲ್ಚಂದ್, ಅದೇ ಮೈಸೂರು, ಅದೇ ಹೊತ್ತು: 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯ್ತು. ಯುದ್ಧಕ್ಕೆ ವಿಮಾನ ಬೇಕಿತ್ತು. ಕಾರು ಯಾರಿಗೂ ಬೇಕಿರಲಿಲ್ಲ.

ವಾಲ್ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಸ್ಥಾಪಿಸಿದರು. ಕಾರ್ಖಾನೆ ಕುರ್ಲಾದಲ್ಲಿ. 1947ರಲ್ಲಿ ಮೊದಲ ವಾಹನ ಹೊರಬಂತು. ಮೈಸೂರಿಗೆ ಬರಬೇಕಿದ್ದ ಕಾರ್ಖಾನೆ ಅದು ಅಂತ ನನ್ನ ಮಾವ ಇವತ್ತಿಗೂ ನಂಬಿದ್ದಾರೆ. ಬಂದಿದ್ರೆ ತಾನು ಗದಗಿನಿಂದ ಇಷ್ಟು ದೂರ ಬರ್ತಿರಲಿಲ್ಲ, ನಾವೆಲ್ಲ ಡೊಂಬಿವಲಿ ನೋಡ್ತಿರಲಿಲ್ಲ ಅನ್ನೋದು ಅವರ ವಾದ. ಇತಿಹಾಸ ಅಷ್ಟು ನೇರ ಅಲ್ಲ ಅಂತ ನಾನು ಹೇಳಿದೆ. ಆದರೂ ಗೋಡೆ ಮೇಲಿನ ಫೋಟೋದ ಲೆಕ್ಕ ನನಗೆ ಅರ್ಥವಾಯ್ತು.

ಒಂದೇ ಅಚ್ಚು, ಎಷ್ಟೋ ವರ್ಷ

ಸ್ವಾತಂತ್ರ್ಯ ಬಂದಮೇಲೆ ಸರ್ಕಾರ ಒಂದು ನಿಲುವು ತಗೊಳ್ತು: ಇಲ್ಲೇ ಹಂತಹಂತವಾಗಿ ತಯಾರಿಸುವ ಯೋಜನೆ ಇದ್ದವರಷ್ಟೇ ಉಳಿಯಬೇಕು. 1950ರ ದಶಕದ ಮೊದಲರ್ಧದಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಬಾಗಿಲು ಹಾಕಿಕೊಂಡು ಹೋದವು. ಪ್ರೀಮಿಯರ್ ಇಟಲಿಯ ಫಿಯಾಟ್ ಜೊತೆ ಕೈ ಜೋಡಿಸಿತು. 1964ರಲ್ಲಿ ಫಿಯಾಟ್ 1100 ಡಿ ಇಲ್ಲಿಗೆ ಬಂತು. 1970ರ ದಶಕದಲ್ಲಿ ಅದೇ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ. ನಮ್ಮ ಊರಿನ ಡಾಕ್ಟರ ಫಿಯಾಟು, ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ, ಎರಡೂ ಇದೇ. ಹೊಸ ಶತಮಾನ ಬರುವ ಹೊತ್ತಿನವರೆಗೂ ಅದು ಬರುತ್ತಲೇ ಇತ್ತು.

ಡೈ ಅನ್ನೋದು ಉಕ್ಕಿನದ್ದಾದರೂ ಸವೆಯುತ್ತೆ. ಲಕ್ಷಾಂತರ ಸಲ ತಗಡು ಒತ್ತಿದಮೇಲೆ ಅಂಚು ಮೊಂಡಾಗುತ್ತೆ, ಪ್ಯಾನಲ್ ಕೂದಲೆಳೆಯಷ್ಟು ಬದಲಾಗುತ್ತೆ. ಹಾಗೆ ಬದಲಾದ ಹತ್ತು ತುಂಡು ಸೇರಿದರೆ ಹತ್ತು ಕೂದಲೆಳೆ ಕೂಡಿ ಬಾಗಿಲ ಸಂದಿನಲ್ಲಿ ಕಾಣಿಸಿಕೊಳ್ಳುತ್ತೆ. ಎಲ್ಲಿ ಕಾಣುತ್ತೋ ಅಲ್ಲಿ ಅದು ಹುಟ್ಟಿರೋದಿಲ್ಲ. ನಮ್ಮ ಕೆಲಸದಲ್ಲೂ ಹಾಗೇ ಅಲ್ವಾ? ಎರರ್ ಬರೋ ಫೈಲಿನಲ್ಲಿ ತಪ್ಪು ಇರೋದು ಅಪರೂಪ.

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಂತ ತಿಳಿಯಬೇಡಿ. ಮದ್ರಾಸಿನಲ್ಲಿ 1961ರಿಂದ ಬರ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಾ? ಅದರ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅವರಿಗೆ ಬಾಡಿ ಮಾಡಿಕೊಡ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನ 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತು. ಒಂದೇ ಕಡೆ ಇಡೀ ಬಾಡಿ ಮಾಡಿಸೋಕೆ ಆಗದೆ, ಬೇರೆ ಬೇರೆ ಕಡೆ ತುಂಡು ಮಾಡಿಸಿ ಚಾಸಿ ಮೇಲೆ ಬೋಲ್ಟ್ ಹಾಕಿ ಕೂಡಿಸುವ ಹಾಗೆ ಹೆರಾಲ್ಡ್ ರೂಪಿಸಿದರು. ಅದೇ ಚಾಸಿಯನ್ನ ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ತಂದರು. ಇವತ್ತಿಗೂ ಆ ಕಾರುಗಳನ್ನ ಇಟ್ಟುಕೊಂಡವರು ಬಾಗಿಲು ಸರಿ ಮಾಡೋಕೆ ಚಾಸಿಗೂ ಬಾಡಿಗೂ ನಡುವೆ ಪ್ಯಾಕಿಂಗ್ ಪಟ್ಟಿ ಇಡೋದರಿಂದಲೇ ಶುರು ಮಾಡ್ತಾರೆ. ಯಾರೋ ಯಾರನ್ನೋ ಕೊಂಡುಕೊಂಡ ವ್ಯವಹಾರ, ಎಪ್ಪತ್ತು ವರ್ಷ ಆದಮೇಲೂ ಬಾಗಿಲ ಸಂದಿನಲ್ಲಿ ಉಳಿದಿದೆ.

1990ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ಮಿಚಿಗನ್ ವಿಶ್ವವಿದ್ಯಾಲಯದ ಜೊತೆ ಸೇರಿ, ಜಪಾನಿನವರ ಸಮಕ್ಕೆ ಬರಬೇಕು ಅಂತ ಒಂದು ಯೋಜನೆ ಮಾಡಿದವು. ಇಡೀ ಬಾಡಿಯ ಏರುಪೇರು 2 ಮಿಲಿಮೀಟರ್ ಒಳಗೆ ತರಬೇಕು ಅನ್ನೋದು ಗುರಿ. ಹುಡುಕ್ತಾ ಹೋದಾಗ ಮತ್ತೆ ಮತ್ತೆ ಸಿಕ್ಕಿದ ಕಾರಣ ಪ್ಯಾನಲ್‌ಗಿಂತ ಹೆಚ್ಚಾಗಿ ಅದನ್ನ ಹಿಡಿಯುವ ಫಿಕ್ಸ್ಚರ್. ಇದನ್ನ ಮಾವನಿಗೆ ಹೇಳಿದೆ. 'ಅಷ್ಟ ತಿಳೀಲಿಕ್ಕೆ ಯುನಿವರ್ಸಿಟಿ ಬೇಕಾತೇನು?' ಅಂದರು.

ಬುಡದಿಂದ ಬಾಗಿಲಿಗೆ

ಮಾವ ಆ ಕೆಂಪು ಕಾರನ್ನ ಸರಿ ಮಾಡಿದ ಕ್ರಮ ಹೇಳ್ತೀನಿ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಸಮತಟ್ಟಾದ ನೆಲ, ನಾಲ್ಕೂ ಚಕ್ರಕ್ಕೆ ಸರಿಯಾದ ಗಾಳಿ. ಜ್ಯಾಕ್ ಮೇಲೆ ಎತ್ತಿದ ಗಾಡಿಯಲ್ಲಿ ಬಾಗಿಲು ಹೊಂದಿಸಲೇಬಾರದು, ಎತ್ತಿದ ಕಡೆ ಬಾಡಿ ಒಂಚೂರು ತಿರುಚಿಕೊಳ್ಳುತ್ತೆ. ಎರಡನೆಯದು ಚಾಸಿ. ಚಾಸಿಯ ನಾಲ್ಕು ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು. ಗಾಡಿ ಪಕ್ಕಕ್ಕೆ ತಳ್ಳಿ, ಗುರುತಿನಿಂದ ಗುರುತಿಗೆ ಓರೆಯಾಗಿ ದಾರ ಹಿಡಿದು ಎರಡೂ ಕರ್ಣ ಅಳೆದೆವು. ಸಮ ಇದ್ದವು. ಅಂದ್ರೆ ಚಾಸಿ ಬಗ್ಗಿಲ್ಲ. ನನ್ನ ಸ್ನೇಹಿತ ಆವಾಗ ಮೊದಲ ಸಲ ಉಸಿರು ಬಿಟ್ಟ.

ಮೂರನೆಯದು, ಬಾಡಿ ಚಾಸಿ ಮೇಲೆ ಕೂತಿರೋ ಜಾಗಗಳು. ಅಲ್ಲಿ ಸಿಕ್ಕಿತು. ಎಡಮುಂಭಾಗದಲ್ಲಿ, ರಬ್ಬರಿನ ಕೆಳಗೆ, ಬಲಗಡೆ ಇದ್ದ ತೆಳು ಪ್ಯಾಕಿಂಗ್ ಪಟ್ಟಿಗಳು ಎಡಗಡೆ ಇರಲಿಲ್ಲ. ಬಿಚ್ಚಿದವರು ವಾಪಸ್ ಹಾಕೋದು ಮರೆತಿದ್ದಾರೆ. ಮೂಗು ಒಂಚೂರು ಕೆಳಗೆ ಕೂತಿದೆ, ಹಿಂಜ್ ಇರೋ ಕಂಬ ಮುಂದಕ್ಕೆ ವಾಲಿದೆ, ಅದಕ್ಕೆ ನೇತುಬಿದ್ದ ಬಾಗಿಲಿನ ಹಿಂಭಾಗ ಮೇಲೆದ್ದಿದೆ. ಮೇಲೆ 8, ಕೆಳಗೆ 4 ಆಗಿದ್ದು ಅದಕ್ಕೇ. ನಾನು ಬಾಗಿಲನ್ನ ಬೈತಾ ಇದ್ದೆ. ಪಾಪ, ಬಾಗಿಲು ತನ್ನ ಕಂಬ ಹೇಳಿದ ಹಾಗೆ ನಿಂತಿತ್ತು.

ಪಟ್ಟಿ ಇಟ್ಟಮೇಲೆ ಬಾಗಿಲು ಬಹುಪಾಲು ತಾನೇ ಸರಿಹೋಯ್ತು. ನಾನು ಮಾಡಿದ ಬಿರುಕಿಗೆ ಒಳಗಿನಿಂದ ಗ್ಲಾಸ್ ಮ್ಯಾಟು, ರೆಸಿನ್ ಹಾಕಿ, ಬೋಲ್ಟ್ ಹಿಂದೆ ಅಗಲವಾದ ಉಕ್ಕಿನ ತಟ್ಟೆ ಇಟ್ಟರು, ಒತ್ತಡ ಒಂದೇ ಕಡೆ ಬೀಳದಿರಲಿ ಅಂತ. ಬಾಗಿಲು ಕೂಡಿಸುವಾಗ ಲಾಕಿನ ಕೊಂಡಿ ಬಿಚ್ಚಿಟ್ಟರು. ಕೊಂಡಿ ಇದ್ರೆ ಬಾಗಿಲನ್ನ ಅದು ತನ್ನ ಕಡೆ ಎಳೆದುಕೊಂಡು ಸುಳ್ಳು ತೋರಿಸುತ್ತೆ. ಕ್ರಮ ಹೀಗೆ: ಮೊದಲು ಅಲುಗದ ಹಿಂದಿನ ಪ್ಯಾನಲ್‌ಗೆ ಬಾಗಿಲು, ಬಾಗಿಲಿಗೆ ಮುಂದಿನ ಮಡ್‌ಗಾರ್ಡ್, ಮಡ್‌ಗಾರ್ಡ್‌ಗೆ ಬಾನೆಟ್, ಕೊನೆಗೆ ಬಂಪರ್. ಇದನ್ನ ತಿರುಗಮುರುಗ ಮಾಡಿದರೆ ತಪ್ಪು ಸುತ್ತಾಡುತ್ತಾ ಇರುತ್ತೆ, ಹೋಗಲ್ಲ.

5 ಮಿಲಿಮೀಟರ್ ದಪ್ಪದ ಮರದ ಪಟ್ಟಿಯೊಂದನ್ನ ಸಂದಿನಲ್ಲಿ ಮೇಲಿಂದ ಕೆಳಕ್ಕೆ ಜಾರಿಸಿದರು. ಒಂದು ಕಡೆ ಮಾತ್ರ ತಡೆಯಿತು. ಅಲ್ಲಿ ಮರಳು ಕಾಗದ ಆಡಿಸಿದರು. ಆಮೇಲೆ ಕಣ್ಣು ಮುಚ್ಚಿ ಬೆರಳು ಎಳೆದರು. 'ಈಗ ಹಾಕು' ಅಂದರು. ಸ್ನೇಹಿತ ಎರಡು ಬೆರಳಿನಿಂದ ತಳ್ಳಿದ. ಟಕ್ ಅಂತ ಕೂತಿತು. ಅವನು ಮತ್ತೆ ತೆರೆದ, ಮತ್ತೆ ಹಾಕಿದ. ಎಷ್ಟು ಸಲ ಅಂತ ಲೆಕ್ಕ ಇಡಲಿಲ್ಲ.

ಪ್ರೀಮಿಯರ್ ಗ್ರೌಂಡ್

ಡೊಂಬಿವಲಿಯಲ್ಲಿ ಇರುವವರಿಗೆ ಪ್ರೀಮಿಯರ್ ಗ್ರೌಂಡ್, ಪ್ರೀಮಿಯರ್ ಕಾಲೊನಿ ಗೊತ್ತು. ಆಟೋದವರಿಗೆ ಹಾಗೇ ಹೇಳ್ತೀವಿ. ಅದು ಯಾವ ಪ್ರೀಮಿಯರ್ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಕಂಪನಿಯ ಎರಡನೇ ಕಾರ್ಖಾನೆ ಇದ್ದ ಜಾಗ ಅದು. 1990ರ ದಶಕದ ಮಧ್ಯದಲ್ಲಿ ಪ್ಯೂಜೊ 309 ಅನ್ನೋ ಫ್ರೆಂಚ್ ಕಾರು ಇಲ್ಲಿಂದಲೇ ಹೊರಗೆ ಬರ್ತಿತ್ತು. ದಶಕ ಮುಗಿಯೋ ಮೊದಲೇ ನಿಂತುಹೋಯ್ತು. ಈಗ ಆ ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು, ಹೋಮ್ ಲೋನ್ ತಗೊಂಡ ನಮ್ಮಂಥವರು. 2023ರ ಅಕ್ಟೋಬರ್ 30ಕ್ಕೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅವತ್ತು ಎಲ್ಲರೂ ಕಾರಿನ ಬಗ್ಗೆ ಸ್ಟೇಟಸ್ ಹಾಕಿದ್ರು, ನಾನೂ ಹಾಕಿದ್ದೆ. ಅದರ ಬಾಗಿಲು ಕೂಡಿಸಿದವರು ನಮ್ಮ ಮನೆಯಲ್ಲೇ ಇದ್ದಾರೆ ಅಂತ ಆವಾಗ ನನಗೆ ಹೊಳೆಯಲೇ ಇಲ್ಲ.

ಮಾವನಿಗೆ ಬರುವ ಮುಂದಿನ ತಿಂಗಳು ಕಣ್ಣಿನ ಆಪರೇಷನ್. ಅದು ಮುಗಿದಮೇಲೆ ಅವರು ಕೆಲಸ ಮಾಡುವುದನ್ನ ರೆಕಾರ್ಡ್ ಮಾಡಬೇಕು ಅಂತಿದ್ದೇನೆ. ಕೇಳಿದ್ದಕ್ಕೆ, 'ನನ್ನ ಕೈ ತಗೀಬ್ಯಾಡ, ಗಾಡಿ ತಗಿ' ಅಂದರು. ಕೈಯನ್ನೇ ತೆಗೀತೀನಿ ಮಾವ ಅಂದೆ. ಅಮ್ಮನಿಗೂ ಕಳಿಸ್ತೀನಿ ಅಂದೆ.

ನಿಮ್ಮಲ್ಲೂ ಇಂಥವರು ಇರ್ತಾರೆ. ಠಾಣೆ, ಕಲ್ಯಾಣ್, ಅಂಬರನಾಥ, ಕುರ್ಲಾ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್ ಆಗಿದ್ದ ದೊಡ್ಡಪ್ಪ, ಮಾವ, ಪಕ್ಕದ ಮನೆ ಕಾಕಾ. ಮುಂದಿನ ಭಾನುವಾರ ಹೋಗಿ ಒಂದು ಪ್ರಶ್ನೆ ಕೇಳಿ: ಕೆಲಸದಲ್ಲಿ ನೀವು ಮೊದಲು ಎಲ್ಲಿ ನೋಡ್ತಿದ್ರಿ? ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಬರೆದು ನಮಗೂ ಕಳಿಸಿ. ಈ ಚಾನೆಲ್‌ನಲ್ಲಿ ಅವನ್ನೆಲ್ಲ ಸೇರಿಸಿ ಒಂದು ಸರಣಿ ಮಾಡೋಣ.